ಬೇರೆಯವರ ಪಾಸಿನಲ್ಲಿ ರೈಟಮ್ಮ

ಮದುವೆಯಾದ ಹೊಸತರಲ್ಲಿ ತವರಿಗೆ ಹೋದಾಗ ನನ್ನಮ್ಮ, "ಅತ್ತೆ ಹೇಗಿದ್ದಾರೆ?" ಎಂದು ಕೇಳಿದ್ದಕ್ಕೆ ನಾನು, "ಕೂರೋ ಹಾಗಿಲ್ಲ, ಇಳಿಯೋ ಹಾಗಿಲ್ಲ, ನಿಂತೇ ಪ್ರಯಾಣ" ಎಂದು ಉತ್ತರ ಕೊಟ್ಟಿದ್ದೆ.

ಅತ್ತೆ ಬಸ್ ಕಂಡಕ್ಟರ್. ಹೆಂಗಸರು ಆ ಕೆಲಸಕ್ಕೆ ಸೇರುವುದು ಅಪರೂಪವಾಗಿದ್ದ ಕಾಲದಲ್ಲಿ ಸೇರಿ, ನಿವೃತ್ತಿಯವರೆಗೂ ಖಾಕಿ ತೊಟ್ಟು, ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲ ಪಕ್ಕದ ಕಂಬಿಗೆ ಒರಗಿ ನಿಂತು ಅರ್ಧ ಊರನ್ನು ಇನ್ನರ್ಧ ಊರಿಗೆ ಸಾಗಿಸಿದವರು. ಡ್ರೈವರಿಗೆ ಅವರು ಕೊಡುತ್ತಿದ್ದ 'ರೈಟ್' ಎಷ್ಟು ಖಡಕ್ಕಾಗಿತ್ತೆಂದರೆ, ಪಕ್ಕದಲ್ಲಿ ನಿಂತ ಬಸ್ಸೂ ಹೊರಟುಬಿಡುತ್ತಿತ್ತು ಎಂದು ಡಿಪೋದವರು ತಮಾಷೆ ಮಾಡುತ್ತಿದ್ದರು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ರೈಟಮ್ಮ.

ನಿವೃತ್ತಿಯಾದ ಮೇಲೆ ಬಸ್ಸು ತಪ್ಪಿತು, ಚಟ ತಪ್ಪಲಿಲ್ಲ. ನೆಂಟರು ಬಾಗಿಲಲ್ಲೇ ಮಾತಾಡುತ್ತಾ ನಿಂತರೆ, "ಒಳಗ್ ನಡೀರಿ, ಒಳಗ್ ನಡೀರಿ, ಹಿಂದೆ ಜಾಗ ಖಾಲಿ ಇದೆ" ಎನ್ನುವರು. ಮೂರು ಜನ ಕೂರುವ ಸೋಫಾದಲ್ಲಿ ಐದು ಜನರನ್ನು ತುಂಬಿ, ಆರನೆಯವರು ಬಂದರೆ ಐವರಿಗೂ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ" ಎನ್ನುವರು. ಯಾರು ಎಲ್ಲಿ ಕೂರಬೇಕೆಂಬುದು ಲೋಕದಲ್ಲಿ ತಮಗೊಬ್ಬರಿಗೇ ಗೊತ್ತೆಂದು ಅವರ ನಂಬಿಕೆ. ಇಂಜಿನ್ ಸದ್ದಿಗೆ ಎಡಗಿವಿ ಪೂರ್ತಿಯಾಗಿ, ಬಲಗಿವಿ ಮುಕ್ಕಾಲು ಹೋಗಿತ್ತು. ತಮಗೆ ಕೇಳಿಸದ್ದು ಬೇರೆಯವರಿಗೂ ಕೇಳಿಸುವುದಿಲ್ಲ ಎಂದುಕೊಂಡು ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದರು. ನಾನು ಮೊದಲ ಸಲ ಬಸುರಿಯಾದದ್ದು ನನ್ನ ಗಂಡನಿಗಿಂತ ಮೊದಲು ಎದುರುಮನೆಯವರಿಗೆ ಗೊತ್ತಾದದ್ದು ಹೀಗೆ.

ಅವರು ಜೀವಮಾನದಲ್ಲಿ ಹೆಮ್ಮೆಪಡುತ್ತಿದ್ದ ವಿದ್ಯೆ ಒಂದೇ. ಬೇರೆಯವರ ಪಾಸು ಹಿಡಿದು ಪ್ರಯಾಣ ಮಾಡುವವರನ್ನು ಪತ್ತೆಹಚ್ಚುವುದು. ಫೋಟೋ ನೋಡುತ್ತಲೇ ಇರಲಿಲ್ಲವಂತೆ. "ಫೋಟೋದಲ್ಲಿ ಎಲ್ರೂ ಕಳ್ಳರ ಥರಾನೇ ಕಾಣ್ತಾರೆ. ಕೈ ನೋಡ್ಬೇಕು ಕಣೇ. ತಮ್ದೇ ಪಾಸಾದ್ರೆ ಜನ ಅಸಡ್ಡೆಯಿಂದ ಎತ್ತಿ ತೋರಿಸ್ತಾರೆ. ಬೇರೆಯವ್ರದ್ದಾದ್ರೆ ಎರಡೂ ಕೈಲಿ ಹಿಡ್ಕೊಂಡು ಜೋಪಾನವಾಗಿ ತೋರಿಸ್ತಾರೆ." ಈ ಪಾಠವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ನನ್ನದೇ ಪಾಸನ್ನೂ ಬೇಕೆಂದೇ ಅಸಡ್ಡೆಯಿಂದ ತೋರಿಸುತ್ತೇನೆ.

ಇಂಥ ಅತ್ತೆಗೆ ಸ್ತನದ ಕ್ಯಾನ್ಸರ್ ಬಂದು, ಆಪರೇಷನ್ ಆಗಿ, ಪೀಡೆ ತೊಲಗಿತು ಎಂದುಕೊಂಡು ಕೆಲವು ವರ್ಷ ಆರಾಮವಾಗಿ ಓಡಾಡಿಕೊಂಡಿದ್ದರು. ಆಮೇಲೆ ಬೆನ್ನುನೋವು ಶುರುವಾಯಿತು. ಅಷ್ಟು ವರ್ಷ ಕುಲುಕಾಡಿದ ಬಸ್ಸಿನ ತಲೆಗೆ ಅದನ್ನು ಕಟ್ಟಿ, ಎಣ್ಣೆ ತಿಕ್ಕಿಸಿಕೊಂಡು ಕೂತರು. ಬಸ್ಸಿನ ತಪ್ಪು ಇರಲಿಲ್ಲ. ಕಾಯಿಲೆ ಮೂಳೆಗೂ ಶ್ವಾಸಕೋಶಕ್ಕೂ ಹರಡಿತ್ತು.

ಆಸ್ಪತ್ರೆಯ ವಾಸನೆಗೇ ನನ್ನ ಗಂಡನಿಗೆ ತಲೆ ತಿರುಗುತ್ತದೆ. ಹಾಗಾಗಿ ಅತ್ತೆಯ ಜೊತೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಡಾಕ್ಟರು ಹೆಂಗಸು, ನೋಡಲು ತೀರಾ ಚಿಕ್ಕವರು. ಅತ್ತೆ ನನ್ನ ಕಡೆ ಬಾಗಿ, "ಇದಕ್ಕೆ ಹಾಫ್ ಟಿಕೆಟ್ ಸಾಕು" ಎಂದು ಗುಟ್ಟಾಗಿ ಕೂಗಿದರು. ಡಾಕ್ಟರು ನಕ್ಕರು. ಆಮೇಲೆ ನಗದೆ ಹೇಳಿದರು.

"ಅಮ್ಮಾ, ಬೇರುಸಹಿತ ತೆಗೆದುಬಿಡ್ತೀನಿ ಅಂತ ಸುಳ್ಳು ಹೇಳಲ್ಲ. ತಡೆದು ನಿಲ್ಸೋಕೆ ನೋಡ್ತೀವಿ. ಎಷ್ಟು ಕಾಲ ಅನ್ನೋದು ಒಬ್ಬೊಬ್ರಿಗೆ ಒಂದೊಂದು ಥರ."

ಆ ಆಸ್ಪತ್ರೆಯಲ್ಲಿ ಆಗ ಒಂದು ಪರೀಕ್ಷೆ ನಡೆಯುತ್ತಿತ್ತು. ಕಾಯಿಲೆ ಹೀಗೆ ಹರಡಿದ ಹೆಂಗಸರಿಗೆ ಮೊದಲ ಕೆಲವು ಸುತ್ತು ಮಾಮೂಲಿ ಕೀಮೋ. ಅದಕ್ಕೆ ಗಡ್ಡೆಗಳು ಕುಗ್ಗಿದರೆ, ಆಮೇಲೆ ಅರ್ಧ ಜನರಿಗೆ ಮಾಮೂಲಿಯೇ ಮುಂದುವರಿಯುತ್ತದೆ. ಇನ್ನರ್ಧ ಜನರಿಗೆ ಹಲವು ಪಟ್ಟು ಹೆಚ್ಚಿನ ಡೋಸು. ಯಾರಿಗೆ ಯಾವುದು ಎಂದು ಎಲ್ಲೋ ದೂರದ ಕಂಪ್ಯೂಟರ್ ಚೀಟಿ ಎತ್ತಿ ಹೇಳುತ್ತದೆ. ಯಾವುದರಿಂದ ಹೆಚ್ಚು ಕಾಲ ಬದುಕುತ್ತಾರೆಂದು ಯಾರಿಗೂ ಗೊತ್ತಿಲ್ಲ, ತಿಳಿದುಕೊಳ್ಳುವುದಕ್ಕೇ ಈ ಪರೀಕ್ಷೆ, ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು ಎಂದು ಡಾಕ್ಟರು ನಿಧಾನವಾಗಿ, ಜೋರಾಗಿ, ಎರಡೆರಡು ಸಲ ಹೇಳಿದರು.

ಅತ್ತೆಯ ಬಲಗಿವಿಯ ಕಾಲುಭಾಗಕ್ಕೆ ಇಳಿದದ್ದು 'ಹಲವು ಪಟ್ಟು ಹೆಚ್ಚು' ಎಂಬುದೊಂದೇ.

"ದೊಡ್ಡದನ್ನೇ ಹಾಕಿ" ಎಂದರು.

"ಅದು ಚೀಟಿ ಎತ್ತಿದ ಮೇಲೆ ಅಮ್ಮ."

"ಎತ್ತಿ. ಎತ್ತಿ ದೊಡ್ಡದನ್ನೇ ಹಾಕಿ."

ಮನೆಗೆ ಬರುವಾಗ ನಾನು, "ಅತಿಯಾದರೆ ಅಮೃತವೂ ವಿಷ ಅಂತಾರೆ ಅತ್ತೆ" ಎಂದೆ. "ಕಮ್ಮಿ ಆದ್ರೆ ಅಮೃತವೂ ಬರೀ ನೀರು ಕಣೇ" ಎಂದು ಬಾಯಿ ಮುಚ್ಚಿಸಿದರು. ಬೆನ್ನು ನೆಟ್ಟಗೆ ಮಾಡಿ ಕೂರಲು ಆಗದೆ ಕಿಟಕಿಗೆ ತಲೆ ಆನಿಸಿಕೊಂಡು ಮತ್ತೆ ಹೇಳಿದರು. "ನಂಗೆ ಇನ್ನೂ ಬದುಕ್ಬೇಕು. ದೊಡ್ಡ ಡೋಸು ಸಿಗ್ಲೇಬೇಕು." ಅವರ ಬಾಯಲ್ಲಿ 'ಬೇಕು' ಎಂಬುದನ್ನು ದಿನಾ ಕೇಳುತ್ತಿದ್ದೆ. ಹೆದರಿದ 'ಬೇಕು' ಅದೇ ಮೊದಲು.

ಕೀಮೋ ಕೊಡುವುದು ಉದ್ದನೆಯ ಹಾಲಿನಲ್ಲಿ. ಎರಡೂ ಕಡೆ ಒರಗು ಕುರ್ಚಿಗಳು, ಒಂದೊಂದರ ಪಕ್ಕ ಔಷಧಿ ಚೀಲ ತೂಗುಹಾಕುವ ಕಂಬಿ, ನಡುವೆ ಓಡಾಡಲು ದಾರಿ. ಕಂಬಿ, ಸೀಟು, ನಡುದಾರಿ ಮೂರನ್ನೂ ಒಟ್ಟಿಗೆ ಕಂಡ ಅತ್ತೆಯ ಕೈ ಸುಮ್ಮನಿರುತ್ತದೆಯೇ? ಎರಡನೆಯ ಸುತ್ತಿಗೆಲ್ಲ ಹಾಲು ಅವರ ವಶವಾಗಿತ್ತು. ವಾಂತಿಯಾಗುವವರನ್ನು ಬಚ್ಚಲಿನ ಪಕ್ಕಕ್ಕೆ ಸಾಗಿಸಿದರು. ಅಳುವವರನ್ನು ಮಾತುಗಾರರ ನಡುವೆ ಕೂರಿಸಿದರು. ಜೊತೆಗೆ ಬಂದ ಗಂಡಂದಿರಿಗೆ, "ನಿಂತ್ಕೊಳಿ, ಹೆಂಗಸರಿಗೆ ಸೀಟ್ ಬಿಡಿ" ಎಂದು ಗದರಿಸಿದರು. ಅಲ್ಲಿನ ಸಿಸ್ಟರ್ ಮೊದಮೊದಲು ಕೋಪಿಸಿಕೊಂಡು, ಆಮೇಲೆ ಹಣೆ ಚಚ್ಚಿಕೊಂಡು, ಕೊನೆಗೆ ಹೊಸಬರು ಬಂದರೆ, "ರೈಟಮ್ಮಾ, ಇವ್ರಿಗೊಂದು ಸೀಟು" ಎನ್ನುವ ಮಟ್ಟಕ್ಕೆ ಬಂದರು.

ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರು ಲೈಬ್ರರಿಯಲ್ಲಿ ಕೆಲಸ ಮಾಡುವವರು. ಅತ್ತೆಗಿಂತ ಹತ್ತು ವರ್ಷ ಚಿಕ್ಕವರು, ಸಣಕಲು ದೇಹ, ಅದೇ ಕಾಯಿಲೆ, ಅದೇ ಹಂತ. ವರ್ಷಗಟ್ಟಲೆ 'ಸದ್ದು ಮಾಡಬೇಡಿ' ಎಂಬ ಬೋರ್ಡಿನ ಕೆಳಗೆ ಕೂತು ಅವರ ಗಂಟಲು ಪಿಸುಮಾತಿಗೇ ಒಗ್ಗಿಹೋಗಿತ್ತು. ಅವರು ಪಿಸುಗುಟ್ಟುವುದು ಅತ್ತೆಗೆ ಕೇಳಿಸದು, ಅತ್ತೆ ಕೂಗುವುದು ಅವರಿಗೆ ತಡೆಯಲಾಗದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಜೋಡಿ. ಆದರೂ ಒಂದು ಸುತ್ತಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡರು. ಅತ್ತೆಯ ಪಾಸಿನ ಪಾಠಕ್ಕೆ ಹೊಸ ವಿದ್ಯಾರ್ಥಿನಿ ಸಿಕ್ಕಿದ್ದು ನನಗಂತೂ ದೊಡ್ಡ ಬಿಡುಗಡೆ. ಸಿಸ್ಟರೂ ಸೂಜಿ ಹಾಕುತ್ತಾ ಹಾಕುತ್ತಾ ಆ ಪಾಠವನ್ನು ಬಾಯಿಪಾಠ ಮಾಡಿದ್ದರು.

ಇಬ್ಬರ ಗಡ್ಡೆಗಳೂ ಕುಗ್ಗಿದವು. ಚೀಟಿ ಎತ್ತಿಯಾಯಿತು. ಲೈಬ್ರರಿಯವರಿಗೆ ದೊಡ್ಡ ಡೋಸು, ಅತ್ತೆಗೆ ಮಾಮೂಲಿ.

ಅತ್ತೆಯ ಮುಖ ನೋಡುವ ಹಾಗಿರಲಿಲ್ಲ. "ಕಂಪ್ಯೂಟ್ರಿಗೂ ಯಾರೋ ಹೇಳ್ಕೊಟ್ಟಿರ್ತಾರೆ" ಎಂದು ಗೊಣಗಿದರು. ರಾತ್ರಿ ಊಟಕ್ಕೆ ತಟ್ಟೆ ಮುಂದಿಟ್ಟರೆ, "ನಂಗೆ ಮಾಮೂಲಿಗಿಂತ ಕಮ್ಮಿನೇ ಬಡ್ಸು, ಅಷ್ಟೇ ನನ್ನ ಹಣೇಬರಹ" ಎಂದು ನನ್ನ ಮೇಲೆ ಹರಿಹಾಯ್ದರು. ಅತ್ತ ಲೈಬ್ರರಿಯವರಿಗೆ ಜೀವವೇ ಬಾಯಿಗೆ ಬಂದಿತ್ತು. ಮುಂದಿನ ಸಲ ಹಾಲಿನಲ್ಲಿ ಸೇರಿದಾಗ ಅವರು ಅತ್ತೆಯ ಬಲಗಿವಿಗೆ ಬಾಯಿಟ್ಟು ಏನೋ ಉಸುರಿದರು.

"ಏನು? ದೊಡ್ಡ ಡೋಸು ನಿಮ್ಗೆ ಬೇಡ್ವಾ?" ಎಂದು ಅತ್ತೆ ಹಾಲಿಗೆಲ್ಲ ಕೇಳಿಸುವಂತೆ ಕೇಳಿದರು.

ಪಿಸುಪಿಸು.

"ಭಯಾನಾ? ನಂಗ್ ಕೊಟ್ಬಿಡಿ, ನಂಗ್ ಬೇಕು!"

ಮತ್ತೆ ಪಿಸುಪಿಸು, ಈ ಸಲ ಸ್ವಲ್ಪ ಉದ್ದ.

"ಸೀಟ್ ಬದಲಾಯಿಸ್ಕೊಳೋದಾ? ಅದೇನ್ ಮಹಾ! ಜೀವಮಾನವೆಲ್ಲಾ ನಾನು ಮಾಡಿದ್ದು ಇನ್ನೇನು? ಆಸ್ಪತ್ರೆ ಕಾರ್ಡೂ ಅದಲುಬದಲು ಮಾಡ್ಕೊಳೋಣ. ಸಿಸ್ಟರಿಗೆ ಮಾತ್ರ ಗೊತ್ತಾಗ್ಬಾರ್ದು ನೋಡಿ!"

ಸಿಸ್ಟರ್ ಎರಡು ಕುರ್ಚಿಯಾಚೆ ಯಾರಿಗೋ ಸೂಜಿ ಹಾಕುತ್ತಿದ್ದರು. ತಲೆ ಎತ್ತಲಿಲ್ಲ. ಎದುರು ಸಾಲಿನ ಹೆಂಗಸರೆಲ್ಲ ಒಟ್ಟಿಗೆ ಛಾವಣಿ ನೋಡತೊಡಗಿದರು. ನಾನು ನೆಲ ಬಿರಿಯಲಿ ಎಂದುಕೊಂಡೆ. ಸಂಚು ಹೂಡಿದ ಇಬ್ಬರಿಗೆ ಮಾತ್ರ ಅದು ಇನ್ನೂ ಸಂಚಾಗಿಯೇ ಉಳಿದಿತ್ತು.

ಡೋಸು ಶುರುವಾಗುವ ದಿನ ಬಂತು. ಅತ್ತೆ ಲೈಬ್ರರಿಯವರ ಕುರ್ಚಿಯಲ್ಲಿ, ಲೈಬ್ರರಿಯವರು ಅತ್ತೆಯ ಕುರ್ಚಿಯಲ್ಲಿ. ಕೀಮೋಗೆ ಕೂದಲು ಹೋಗಿ ಇಬ್ಬರೂ ತಲೆಗೆ ಬಟ್ಟೆ ಕಟ್ಟಿದ್ದರು, ಅದನ್ನೂ ಬದಲಾಯಿಸಿಕೊಂಡಿದ್ದರು. ಅತ್ತೆಯ ದೇಹ ಲೈಬ್ರರಿಯವರ ದೇಹದ ಎರಡರಷ್ಟಿತ್ತು ಎಂಬುದನ್ನು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸಿಸ್ಟರ್ ಬಂದು ಗಂಭೀರವಾಗಿ ಕಾರ್ಡು ಕೇಳಿದರು. ಅತ್ತೆ ಲೈಬ್ರರಿಯವರ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು.

ಸಿಸ್ಟರ್ ಕಾರ್ಡು ನೋಡಲಿಲ್ಲ, ಕೈ ನೋಡಿದರು.

"ಇಷ್ಟ್ ಜೋಪಾನವಾಗಿ ತೋರಿಸ್ತಿದೀರಲ್ಲಾ ರೈಟಮ್ಮ, ಯಾರ ಪಾಸಿದು?"

ಹಾಲಿಗೆ ಹಾಲೇ ನಕ್ಕಿತು. ಸೂಜಿ ಚುಚ್ಚಿಸಿಕೊಂಡ ಕೈ ಅಲುಗಾಡಬಾರದೆಂದು ಒಬ್ಬಾಕೆ ಇನ್ನೊಂದು ಕೈಯಿಂದ ಅದನ್ನು ಒತ್ತಿಹಿಡಿದುಕೊಂಡು ನಕ್ಕಳು. ಅತ್ತೆ ನಗಲಿಲ್ಲ. ತಲೆ ತಗ್ಗಿಸಿ, ಬಟ್ಟೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಬೋಳುತಲೆಯಲ್ಲಿ ಅಷ್ಟು ಜನರ ನಡುವೆ ಸಿಕ್ಕಿಬಿದ್ದು ಕೂತ ಅವರನ್ನು ನೋಡಿ ನನಗೂ ನಗು ಬರಲಿಲ್ಲ.

ಡಾಕ್ಟರು ಬಂದರು. ಗದರಲಿಲ್ಲ. ಸ್ಟೂಲು ಎಳೆದುಕೊಂಡು ಇಬ್ಬರ ನಡುವೆ ಕೂತರು.

"ಡಾಕ್ಟ್ರಮ್ಮ, ಒಂದೇ ಮಾತು" ಎಂದರು ಅತ್ತೆ. "ನಿಮ್ಮಮ್ಮಂಗಾಗಿದ್ರೆ ಯಾವ್ದು ಕೊಡ್ತಿದ್ರಿ?"

ಡಾಕ್ಟರು ಕೊರಳಲ್ಲಿದ್ದ ಸ್ಟೆತಸ್ಕೋಪ್ ತೆಗೆದು ಮಡಿಲಲ್ಲಿಟ್ಟುಕೊಂಡರು. "ಮನಸ್ಸು ದೊಡ್ಡದನ್ನೇ ಕೊಡು ಅನ್ನುತ್ತೆ. ಮೊದಲೆಲ್ಲ ಮನಸ್ಸು ಹೇಳಿದ ಹಾಗೇ ಕೊಟ್ಟಿದೀವಿ. ಕೆಲವರು ಉಳಿದ್ರು, ಕೆಲವರು ಉಳೀಲಿಲ್ಲ. ಉಳಿದೋರು ಔಷಧಿಯಿಂದ ಉಳಿದ್ರೋ, ಮೊದ್ಲೇ ಗಟ್ಟಿ ಇದ್ರು ಅಂತ ಉಳಿದ್ರೋ, ಇವತ್ತಿಗೂ ನಂಗೊತ್ತಿಲ್ಲ. ಹೆಚ್ಚು ಕೊಟ್ಟಿದ್ದಕ್ಕೇ ಹೋದೋರೂ ಇದ್ದಾರೆ."

"ಗೊತ್ತಿಲ್ಲ ಅನ್ನೋಕೆ ಇಷ್ಟ್ ವರ್ಷ ಓದ್ಬೇಕಿತ್ತಾ?"

"ಓದಿದ್ಮೇಲೇ ಅಮ್ಮ, ಹಾಗನ್ನೋಕೆ ಧೈರ್ಯ ಬಂದಿದ್ದು." ಡಾಕ್ಟರು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದರು. "ನಿಮ್ಮಂಥ ಗಟ್ಟಿಗಿತ್ತಿಯರೆಲ್ಲ ಹೀಗೆ ದೊಡ್ಡ ಡೋಸಿನ ಕಡೆ ನುಗ್ಗಿ, ಸೊರಗಿದೋರೆಲ್ಲ ಮಾಮೂಲಿ ಕಡೆ ಬಂದ್ರೆ, ಕೊನೆಗೆ ಗೆದ್ದಿದ್ದು ಔಷಧಿನೋ ನೀವೋ ಅಂತ ಹೇಗ್ ಹೇಳ್ಲಿ?"

ಅತ್ತೆ ಮಡಿಲಲ್ಲಿದ್ದ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. ಆಮೇಲೆ ನಿಧಾನವಾಗಿ ಶುರುಮಾಡಿದರು.

"ನಮ್ ಡಿಪೋ ಮ್ಯಾನೇಜರ್ ಒಬ್ಬ ಇದ್ದ. ಹೊಸ ಬಸ್ಸು ಬಂದಾಗ ಅವನ್ನೆಲ್ಲಾ ಒಳ್ಳೊಳ್ಳೆ ಡ್ರೈವರಿಗೆ ಕೊಟ್ಟ. ಹಳೇ ಡಕೋಟಗಳ್ನ ಗೇರ್ ಹಾಕೋಕೂ ಬರ್ದೇ ಇರೋರಿಗೆ ಕೊಟ್ಟ. ಆಮೇಲೆ ಹೊಸ ಬಸ್ಸು ಡೀಸೆಲ್ ಕಮ್ಮಿ ಕುಡಿಯುತ್ತೆ ಅಂತ ಮೇಲಕ್ಕೆ ಬರೆದ. ಡ್ರೈವರನ್ನ ಬದಲಾಯಿಸಿ ನೋಡಯ್ಯ ಆಮೇಲ್ ಹೇಳು ಅಂತ ನಾನು ಅವನ ರೂಮಿಗೇ ನುಗ್ಗಿ ಜಗಳ ಆಡಿದ್ದೆ."

"ಅದೇ ಅಮ್ಮ."

"ಅದೇ ಅಂದ್ರೆ? ನಾನೀಗ ಆ ಮ್ಯಾನೇಜರಾ?"

"ಆಗೋಕೆ ಹೊರಟಿದ್ರಿ."

ಅತ್ತೆ ಎದ್ದು ತಮ್ಮ ಕುರ್ಚಿಗೆ ಹೋದರು. ಲೈಬ್ರರಿಯವರಿಗೆ ಡಾಕ್ಟರು, ಬೇಡವಾದರೆ ಈಗಲೇ ಬಿಡಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದು ಮತ್ತೊಮ್ಮೆ ಹೇಳಿದರು. ಅವರು ಯೋಚಿಸಿ, ಇರುತ್ತೇನೆ ಎಂದು ಪಿಸುಗುಟ್ಟಿದರು. ಇನ್ನೆಲ್ಲಾದರೂ ದೊಡ್ಡ ಡೋಸು ಕೊಡುವ ಆಸ್ಪತ್ರೆ ಹುಡುಕೋಣವೇ ಎಂದು ನನ್ನ ಗಂಡ ಅಂದು ಸಂಜೆ ಕೇಳಿದರು. ಮೂರನೆಯ ದಿನ ಬೆಳಗ್ಗೆ ಅತ್ತೆ ಟೀ ಕುಡಿಯುತ್ತಾ, "ಬೇಡ. ಆ ಪುಕ್ಕಲಿ ಒಬ್ಳನ್ನೇ ಕಳ್ಸಿ ನಾನು ನಡುವೆ ಇಳಿಯೋದಾ?" ಎಂದರು. "ಬುದ್ಧಿಗೆ ಗೊತ್ತಾಗಿದೆ ಕಣೇ. ಹೊಟ್ಟೆಕಿಚ್ಚಿಗೆ ಇನ್ನೂ ಗೊತ್ತಾಗಿಲ್ಲ."

ಅಲ್ಲಿಂದ ಮುಂದೆ ತಮ್ಮ ಔಷಧಿಗೆ 'ಆರ್ಡಿನರಿ', ಲೈಬ್ರರಿಯವರದ್ದಕ್ಕೆ 'ಎಕ್ಸ್‌ಪ್ರೆಸ್' ಎಂದು ಹೆಸರಿಟ್ಟರು. ಎಕ್ಸ್‌ಪ್ರೆಸ್ಸಿನ ಪ್ರಯಾಣ ಹೇಗಿರುತ್ತದೆಂದು ಬೇಗನೆ ಕಾಣಿಸಿತು. ಲೈಬ್ರರಿಯವರ ರಕ್ತದ ಬಿಳಿ ಕಣಗಳು ಕುಸಿದವು, ಬಾಯೊಳಗೆಲ್ಲ ಹುಣ್ಣಾಗಿ ಗುಟುಕು ನೀರೂ ಇಳಿಯದಾಯಿತು. ಸೋಂಕು ತಗುಲಬಾರದೆಂದು ಮಹಡಿಯ ಮೇಲೆ ಗಾಜಿನ ಕಿಟಕಿಯ ಒಂದು ಕೋಣೆಯಲ್ಲಿ ಒಬ್ಬರನ್ನೇ ಇಟ್ಟರು. ಅತ್ತೆ ತಮ್ಮ ಆರ್ಡಿನರಿ ಮುಗಿಸಿ, ಸುಸ್ತಾದ ಕಾಲು ಎಳೆದುಕೊಂಡು ಮೆಟ್ಟಿಲು ಹತ್ತಿ ಆ ಗಾಜಿನ ಮುಂದೆ ನಿಲ್ಲುತ್ತಿದ್ದರು. ಒಳಗಿನವರಿಗೆ ಈಗ ಪಿಸುಗುಟ್ಟಲೂ ಆಗದು, ಹೊರಗಿನವರಿಗೆ ಮೊದಲೇ ಕೇಳಿಸದು. ಹಾಗಾಗಿ ಆ ಇಬ್ಬರ ಸಂಭಾಷಣೆ ಮೊದಲ ಬಾರಿಗೆ ಸರಾಗವಾಗಿ ನಡೆಯಿತು. ಕೈಸನ್ನೆಯಲ್ಲೇ ಮಗನ, ಸೊಸೆಯ, ಸಿಸ್ಟರಿನ ಅಣಕ ನಡೆಯುತ್ತಿತ್ತು. ನನ್ನ ಅಣಕ ಮಾಡುವಾಗ ಅತ್ತೆ ಸೊಂಟಕ್ಕೆ ಕೈಯಿಟ್ಟು ಮೂತಿ ಮುಂದೆ ಮಾಡುತ್ತಿದ್ದರು. ನಾನು ಹಾಗಿಲ್ಲ.

ಒಂದು ಮಧ್ಯಾಹ್ನ ಲೈಬ್ರರಿಯವರು ಅಣಕಕ್ಕೆ ನಗಲಿಲ್ಲ. ಹಾಸಿಗೆಯ ಮೇಲಿಂದಲೇ ಅತ್ತೆಯನ್ನು ನೋಡಿ, ಕೈಯನ್ನು ಬಾಗಿಲಿನ ಕಡೆಗೆ ತೋರಿಸಿದರು. ಸಾಕು, ಹೋಗಿಬಿಡಲೇ ಎಂದು ಕೇಳುತ್ತಿದ್ದರು.

ನಾನು ಅತ್ತೆಯ ಮುಖ ನೋಡಿದೆ. ಆ ಔಷಧಿಗಾಗಿ ಕಾರ್ಡು ಬದಲಾಯಿಸಿಕೊಂಡವರು, 'ಬಿಡಬೇಡಿ, ನಿಮ್ಮದು ಅದೃಷ್ಟ' ಎನ್ನುತ್ತಾರೆಂದು ಕಾದೆ. ಅತ್ತೆ ಗಾಜಿಗೆ ಅಂಗೈ ಒತ್ತಿ, ಪಕ್ಕದಲ್ಲಿದ್ದ ನನಗೊಬ್ಬಳಿಗೇ ಕೇಳಿಸುವಷ್ಟು ಮೆಲ್ಲಗೆ, ನಾನು ಅವರ ಬಾಯಲ್ಲಿ ಎಂದೂ ಕೇಳಿರದಷ್ಟು ಮೆಲ್ಲಗೆ, "ಇಳೀಬೇಕು ಅನ್ಸಿದ್ರೆ ಇಳೀರಮ್ಮ. ನಾನೇ ಬಸ್ ನಿಲ್ಲಿಸ್ತೀನಿ" ಎಂದರು. ಲೈಬ್ರರಿಯವರು ಸ್ವಲ್ಪ ಹೊತ್ತು ಆ ಅಂಗೈಯನ್ನೇ ನೋಡುತ್ತಿದ್ದು, ಇಲ್ಲವೆಂದು ತಲೆಯಾಡಿಸಿದರು. ಕೆಳಗಿಳಿದು ಬರುವಾಗ ಅತ್ತೆ ಮೆಟ್ಟಿಲ ಮೇಲೆ ಕೂತು ಅತ್ತರು. "ನಂಗೆ ಬೇಕಾಗಿದ್ದಿದ್ದು ಅದಾ?" ಎಂದು ನನ್ನನ್ನೇ ಗದರಿಸಿದರು, ನಾನೇ ಕೊಡಿಸಲು ಹೊರಟಿದ್ದ ಹಾಗೆ.

ಇಬ್ಬರ ಔಷಧಿಯೂ ಮುಗಿಯಿತು. ಇಬ್ಬರಿಗೂ ಕೂದಲು ಬಂತು. ಅತ್ತೆಗೆ ಗುಂಗುರು ಕೂದಲು ಬಂದು, ಕನ್ನಡಿಯ ಮುಂದೆ ನಿಲ್ಲುವ ಹೊಸ ಚಟ ಹತ್ತಿತು. ಒಂದು ವರ್ಷದ ಮೇಲೆ ಕೆಲವು ತಿಂಗಳು ಚೆನ್ನಾಗಿಯೇ ಕಳೆಯಿತು. ಲೈಬ್ರರಿಯವರು ವಾರಕ್ಕೊಮ್ಮೆ ಮನೆಗೆ ಬರುವರು. ಅವರು ಓದಿ ಹೇಳಿದ ಕತೆಗಳನ್ನು ಅತ್ತೆ ತಮಗೆ ಕೇಳಿಸಿದಷ್ಟು ಹಿಡಿದುಕೊಂಡು, ಉಳಿದದ್ದನ್ನು ತಾವೇ ಸೇರಿಸಿ ಬೀದಿಗೆಲ್ಲ ಹೇಳುವರು. ಸೇರಿಸಿದ್ದೇ ಚೆನ್ನಾಗಿರುತ್ತಿತ್ತು.

ಆಮೇಲೆ ಕಾಯಿಲೆ ಮರಳಿತು, ಅತ್ತೆಗೆ. ಈ ಸಲ ಯಕೃತ್ತಿಗೆ. ಲೈಬ್ರರಿಯವರು ಹಾಗೇ ಇದ್ದರು.

ನೋಡಲು ಬಂದವರೆಲ್ಲ ಒಂದೇ ಮಾತಾಡಿದರು. ಕಡಿಮೆ ಔಷಧಿ ಕೊಟ್ಟು ಕೈತೊಳೆದುಕೊಂಡರು, ಪ್ರಯೋಗದ ಇಲಿ ಮಾಡಿದರು. ಅತ್ತೆ ದಿಂಬಿಗೆ ಒರಗಿಕೊಂಡೇ ಅವರ ಮೇಲೆ ಏರಿಹೋಗುತ್ತಿದ್ದರು. "ಬಸ್ಸಿನ್ನೂ ಸ್ಟ್ಯಾಂಡ್ ಮುಟ್ಟಿಲ್ಲ, ಆಗ್ಲೇ ಯಾವ್ದು ಮೊದ್ಲು ಬಂತು ಅಂತ ತೀರ್ಪಾ? ಎಲ್ರ ಲೆಕ್ಕ ಬರೋವರ್ಗೂ ಬಾಯ್ ಮುಚ್ಕೊಂಡಿರಿ." ನಾನು ಬಾಯಿ ಮುಚ್ಚಿಕೊಂಡಿದ್ದೆ, ಒಪ್ಪಿರಲಿಲ್ಲ. ದೊಡ್ಡ ಡೋಸಿನವರು ನಮ್ಮ ಸೋಫಾದಲ್ಲಿ ಕೂತು ಟೀ ಕುಡಿಯುತ್ತಿದ್ದರು, ಸಣ್ಣ ಡೋಸಿನವರು ಹಾಸಿಗೆ ಹಿಡಿದಿದ್ದರು. ನನ್ನೆರಡು ಕಣ್ಣಿಗೇ ಕಾಣುತ್ತಿರುವಾಗ ಇನ್ಯಾವ ಲೆಕ್ಕ ಬೇಕು? ಲೈಬ್ರರಿಯವರಿಗೆ ಟೀ ಕೊಡುವಾಗ ಲೋಟ ಕುಕ್ಕುತ್ತಿದ್ದೆ. ಅತ್ತೆಗೆ ಅದು ಮಾತ್ರ ಹೇಗೋ ಕೇಳಿಸಿತು.

"ಅವ್ರನ್ನ ನೋಡಿ ಮುಖ ಊದಿಸ್ಕೋಬೇಡ" ಎಂದರು. "ಅವ್ರು ನನ್ನದೇನೂ ಕಿತ್ಕೊಂಡಿಲ್ಲ."

"ನಾನೇನೂ ಅಂದಿಲ್ಲವಲ್ಲ ಅತ್ತೆ."

"ಲೋಟ ಅಂತು."

ಅತ್ತೆ ಹೋದದ್ದು ಒಂದು ಬೆಳಗ್ಗೆ, ತಮ್ಮ ಕೋಣೆಯಲ್ಲಿ, ಮಗನ ಕೈ ಹಿಡಿದುಕೊಂಡು. ಅವರಿಲ್ಲದ ಮನೆಯಲ್ಲಿ ಜಾಗವೋ ಜಾಗ. ಇಷ್ಟೊಂದು ಜಾಗ ನಾನು ಯಾವತ್ತೂ ಕೇಳಿರಲಿಲ್ಲ. ಮಾರನೆಯ ವಾರ ಲೈಬ್ರರಿಯವರು ಬಂದು ಗೇಟಿನ ಹತ್ತಿರ ನಿಂತರು. ನಾನು ಕಿಟಕಿಯಿಂದ ನೋಡಿದೆ. ಅವರೂ ನನ್ನನ್ನು ನೋಡಿದರು. ನಾನು ಬನ್ನಿ ಎನ್ನಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದರು, ಮತ್ತೆ ಬರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಆಸ್ಪತ್ರೆಯಿಂದ ಡಾಕ್ಟರು ಫೋನು ಮಾಡಿದರು. ಪರೀಕ್ಷೆಯ ಫಲಿತಾಂಶ ಬಂದಿದೆ, ಅದರಲ್ಲಿ ಇದ್ದವರಿಗೂ ಅವರ ಮನೆಯವರಿಗೂ ನಾವೇ ಹೇಳಬೇಕೆಂದಿದ್ದೇವೆ, ಬರುತ್ತೀರಾ ಎಂದು ಕೇಳಿದರು. ಹೋದೆ. ಜಗಳವಾಡಲೆಂದೇ ಹೋದೆ. ಕೀಮೋ ಹಾಲಿನ ಪಕ್ಕದ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬಂದವರಲ್ಲಿ ಹೆಂಗಸರು ಕಡಿಮೆ, ಹೆಂಗಸರ ಮನೆಯವರೇ ಹೆಚ್ಚು. ಹಿಂದಿನ ಸಾಲಿನ ತುದಿಯಲ್ಲಿ ಲೈಬ್ರರಿಯವರಿದ್ದರು. ನಾನು ಮುಂದೆ ಹೋಗಿ ಕೂತೆ.

ಡಾಕ್ಟರ ಕಿವಿಯ ಪಕ್ಕ ಕೂದಲು ನರೆತಿತ್ತು, ಈಗ ಹಾಫ್ ಟಿಕೆಟ್ ನಡೆಯುವಂತಿರಲಿಲ್ಲ. ಅವರು ಹಾಳೆ ನೋಡದೆ ಹೇಳಿದರು. ಬೇರೆ ಬೇರೆ ಆಸ್ಪತ್ರೆಗಳಲ್ಲಿ ನೂರಾರು ಹೆಂಗಸರು ಈ ಪರೀಕ್ಷೆಯಲ್ಲಿದ್ದರು. ಎರಡು ಗುಂಪಿನಲ್ಲೂ ಬೇಗ ಹೋದವರಿದ್ದಾರೆ, ಎರಡರಲ್ಲೂ ಬಹುಕಾಲ ಉಳಿದವರಿದ್ದಾರೆ. ಒಟ್ಟು ನೋಡಿದರೆ ಎರಡು ಗುಂಪಿನವರೂ ಬದುಕಿದ್ದು ಹೆಚ್ಚುಕಡಿಮೆ ಒಂದೇ ಅವಧಿ. ದೊಡ್ಡ ಡೋಸಿನಿಂದ ಆಯಸ್ಸು ಹೆಚ್ಚಲಿಲ್ಲ, ನೋವು ಮಾತ್ರ ಹೆಚ್ಚಿತು. ಇನ್ನು ಈ ಆಸ್ಪತ್ರೆಯಲ್ಲಿ ಆ ಡೋಸು ಯಾರಿಗೂ ಕೊಡುವುದಿಲ್ಲ.

ನಾನು ಎದ್ದುನಿಂತೆ. ಜಗಳದ ಮಾತೆಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಇಷ್ಟೇ. "ಹಾಗಾದ್ರೆ ನಮ್ಮತ್ತೆ?"

ಡಾಕ್ಟರಿಗೆ ಯಾರೆಂದು ಹೇಳಬೇಕಾಗಲಿಲ್ಲ. "ಒಬ್ರ ವಿಷಯ ಮಾತ್ರ ಖಚಿತವಾಗಿ ಹೇಳೋಕೆ ಆಗಲ್ಲಮ್ಮ. ಆದ್ರೆ ಅದೊಂದು ಸಿಕ್ಕಿದ್ರೆ ಅತ್ತೆ ಉಳೀತಿದ್ರು ಅಂತ ಮನಸ್ಸಲ್ಲಿಟ್ಕೊಂಡು ಕೊರಗ್ತಿದ್ರೆ, ಬಿಟ್ಬಿಡಿ. ಅವರಿಗೆ ಸಿಗಬೇಕಾದ್ದು ಏನೂ ತಪ್ಪಿಲ್ಲ."

ನಾನು ಕೂತೆ. ಪಕ್ಕದಲ್ಲಿದ್ದ ಯಾರೋ ಅಪರಿಚಿತ ಗಂಡಸು ನನಗೆ ನೀರಿನ ಬಾಟಲಿ ಕೊಟ್ಟ. ಅವನೂ ಅಳುತ್ತಿದ್ದ.

ಹೊರಗೆ ಬಂದಾಗ ಲೈಬ್ರರಿಯವರು ಮೆಟ್ಟಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ದಾಟಿ ಹೋಗಲಿಲ್ಲ.

"ಅವ್ರಿಗೆ ಸೇರಬೇಕಾದ ಜೀವ ನಾನು ಬದುಕ್ತಿದೀನಿ ಅಂತ ಅನ್ಕೊಂಡಿದ್ದೆ" ಎಂದರು. "ದಿನಾ ಬೆಳಗ್ಗೆ ಎದ್ದ ತಕ್ಷಣ."

"ನಾನೂ ಹಾಗೇ ಅನ್ಕೊಂಡಿದ್ದೆ" ಎಂದೆ.

"ಗೊತ್ತಿತ್ತು."

ಅವರು ಕಣ್ಣೊರೆಸಿಕೊಂಡು, ಕೇಳಲೋ ಬೇಡವೋ ಎಂದು ನನ್ನ ಮುಖ ನೋಡಿ, ಕೊನೆಗೆ ಕೇಳಿದರು.

"ಇನ್ಮೇಲೆ ನಿಮ್ಮನೆಗೆ ಬರಬಹುದಾ?"

"ಇವತ್ತೇ ಬನ್ನಿ" ಎಂದೆ.